ಚಿತ್ರದಲ್ಲಿದ್ದ ಹಾಗೇ

ನಮ್ಮ ಬೀದಿ ಕೊನೆಯ ಟೈಲರ್ ಅಂಗಡಿಯಲ್ಲಿ ಒಂದು ಪುಸ್ತಕ ಇದೆ. ಅದರ ರಟ್ಟು ಕಿತ್ತುಹೋಗಿ ಎಷ್ಟೋ ವರ್ಷವಾಯಿತು. ಹಾಳೆಗಳ ತುಂಬ ಬೆನ್ನುಗಳು. ತಲೆಯಿಲ್ಲ, ಕಾಲಿಲ್ಲ, ಬರೀ ರವಿಕೆ ತೊಟ್ಟ ಬೆನ್ನು. ಪಾಟ್ ನೆಕ್ಕಿನ ಬೆನ್ನು, ಬೋಟ್ ನೆಕ್ಕಿನ ಬೆನ್ನು, ಗೊಂಡೆ ಇಳಿಬಿಟ್ಟ ಬೆನ್ನು, ನಡುವೆ ಕಿಟಕಿ ಕೊರೆಸಿ ಅದಕ್ಕೆ ಬಲೆಯನ್ನೂ ಹಾಕಿಸಿಕೊಂಡ, ಸೊಳ್ಳೆಗೆ ಹೆದರಿದಂಥ ಬೆನ್ನು. ಅಕ್ಕನ ಮಗಳ ಮದುವೆಗೆಂದು ನೇರಳೆ ರೇಷ್ಮೆಯ ರವಿಕೆ ಬಟ್ಟೆ ಹಿಡಿದು ಹೋದವಳು, ಅದರಲ್ಲಿ ಒಂದು ಬುಗ್ಗೆ ತೋಳಿನ ಮೇಲೆ ಬೆರಳಿಟ್ಟು, "ಇದೇ ಥರ, ಚಿತ್ರದಲ್ಲಿ ಇದ್ದ ಹಾಗೇ ಬರಬೇಕು" ಅಂದೆ.

ಟೈಲರ್ ಚಿತ್ರ ನೋಡಿದ, ನನ್ನನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಕತ್ತಿನಲ್ಲಿದ್ದ ಟೇಪನ್ನು ತೆಗೆದು ಮತ್ತೆ ಕತ್ತಿಗೇ ಹಾಕಿಕೊಂಡ. "ಹೊಲ್ಕೊಡ್ತೀನಿ ಅಕ್ಕಾ. ಆದ್ರೆ ಚಿತ್ರದಲ್ಲಿರೋದು ಚಿತ್ರಕ್ಕೆ ಹೊಲ್ದಿರೋದಲ್ವಾ?"

ಆ ಮಾತಿನ ತೂಕ ನನಗೆ ಗೊತ್ತಾದದ್ದು ಮದುವೆಯ ಬೆಳಗ್ಗೆ. ಎರಡು ತೋಳೂ ಎರಡು ಕುಂಬಳಕಾಯಿ. ಪಂಕ್ತಿಯಲ್ಲಿ ಊಟಕ್ಕೆ ಕೂತರೆ ಪಕ್ಕದವರಿಗೆ ಬಡಿಸಿದ ಪಾಯಸ ಕಾಣಿಸುತ್ತಿರಲಿಲ್ಲ. ಸೋದರತ್ತೆ ಮಾತ್ರ ಬಾಯಿತುಂಬ ಹೊಗಳಿದರು: "ನಾಟಕ ಕಂಪನಿ ರಾಣಿ ಇದ್ದ ಹಾಗಿದೀಯ ಕಣೆ." ಮುಂದಿನ ವಾರವೇ ಹೋಗಿ ತೋಳು ಬಿಚ್ಚಿಸಿ ಸಣ್ಣದು ಮಾಡಿಸಿಕೊಂಡು ಬಂದೆ.

ಚಿತ್ರ ನೋಡಿ ಮೋಸಹೋದವಳು ನಾನೊಬ್ಬಳೇನಾ ಅನ್ನುವ ಅನುಮಾನಕ್ಕೆ ಸಮಾಧಾನ ಹುಡುಕುತ್ತ, ನಿದ್ದೆ ಬಾರದ ರಾತ್ರಿಗಳಲ್ಲಿ ಮೊಬೈಲು ಹಿಡಿದು ನಾನು ಹೋಗಿ ತಲುಪಿದ್ದು ಇನ್ನೂರು ವರ್ಷ ಹಿಂದಿನ ಲಂಡನ್ನಿಗೆ ಮತ್ತು ಪ್ಯಾರಿಸ್ಸಿಗೆ. ಅಲ್ಲಿ ಬೆನ್ನುಗಳ ಪುಸ್ತಕ ಇರಲಿಲ್ಲ. ಫ್ಯಾಷನ್ ಪ್ಲೇಟ್ ಇತ್ತು. ಅಂಗೈಗಿಂತ ಸ್ವಲ್ಪ ದೊಡ್ಡ ಕಾಗದ, ನಡುವೆ ಒಬ್ಬಳೇ ಒಬ್ಬ ಹೆಂಗಸು, ಎದೆಯ ಕೆಳಗೇ ಸೊಂಟ ಕಟ್ಟಿದ ಉದ್ದನೆಯ ಬಿಳಿ ಅಂಗಿ, ಅದಕ್ಕೆ, ಹೌದು, ಬುಗ್ಗೆ ತೋಳು. ಅವಳಿಗೆ ಮಾತ್ರ ಅದು ಒಪ್ಪುತ್ತದೆ.

ಈ ಚಿತ್ರಗಳನ್ನು ಹೊರತರುತ್ತಿದ್ದವರು ಯಾರು ಎಂದು ನೋಡಿದರೆ ಇನ್ನೊಂದು ತಮಾಷೆ. ಲಂಡನ್ನಿನ ರುಡಾಲ್ಫ್ ಆಕರ್‌ಮನ್ ಜರ್ಮನಿಯ ಸ್ಯಾಕ್ಸನಿಯವನು. ಕುದುರೆಯ ಜೀನು ಹೊಲಿಯುವವನ ಮಗ. ಅವನೇ ಕಲಿತ ಕಸುಬು ಸಾರೋಟಿನ ವಿನ್ಯಾಸ. 1806ರಲ್ಲಿ ನೌಕಾಪತಿ ನೆಲ್ಸನ್ನನ ಶವಯಾತ್ರೆಯ ರಥ ಸಿದ್ಧವಾದದ್ದು ಇವನ ಕೈಯಲ್ಲಿ. ಹೆಣದ ರಥ ಮಾಡಿ ಮೂರು ವರ್ಷಕ್ಕೆ, 1809ರಲ್ಲಿ, ಸ್ಟ್ರಾಂಡ್ ಬೀದಿಯ 101ನೇ ನಂಬರಿನ ತನ್ನ ಅಂಗಡಿಯಿಂದ ಒಂದು ಮಾಸಪತ್ರಿಕೆ ಶುರು ಮಾಡಿದ. ಕಲೆ, ಸಾಹಿತ್ಯ, ವಾಣಿಜ್ಯ, ಕೈಗಾರಿಕೆ, ಫ್ಯಾಷನ್, ರಾಜಕೀಯ, ಇಷ್ಟನ್ನೂ ಸೇರಿಸಿ ಹೆಸರಿಟ್ಟಿದ್ದ. ಹೆಸರು ಓದಿ ಮುಗಿಸುವುದರೊಳಗೆ ಫ್ಯಾಷನ್ ಬದಲಾಗಿರುತ್ತಿತ್ತು. ಪತ್ರಿಕೆ 1828ರವರೆಗೆ ನಡೆಯಿತು. ತಿಂಗಳಿಗೆ ಬಣ್ಣ ಹಚ್ಚಿದ ಎರಡು ಉಡುಪಿನ ಚಿತ್ರ, ಅದರ ಅಕ್ಕಪಕ್ಕದಲ್ಲಿ ಸೋಫಾ, ಪರದೆ, ಯುದ್ಧದ ಸುದ್ದಿ.

ಪ್ಯಾರಿಸ್ಸಿನವನಂತೂ ಪಾದ್ರಿ. ಪಿಯೇರ್ ದ ಲಾ ಮೆಸಾಂಜೇರ್, ಲಾ ಫ್ಲೇಶ್ ಎಂಬ ಊರಿನ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಡುತ್ತಿದ್ದ. ಫ್ರಾನ್ಸಿನ ಕ್ರಾಂತಿ ಬಂದು ಆ ಬದುಕು ಎಕ್ಕುಟ್ಟಿಹೋಯಿತು. 1797ರಲ್ಲಿ ಆರಂಭವಾಗಿದ್ದ ‘ಜೂರ್ನಾಲ್ ದೆ ದಾಮ್ ಎ ದೆ ಮೋದ್’ ಎಂಬ ಪತ್ರಿಕೆ ಇವನ ಕೈಗೆ ಬಂತು. ಐದು ದಿನಕ್ಕೊಂದು ಸಂಚಿಕೆ. 1831ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಸತ್ತ ಮೇಲೆ ಮನೆ ತೆಗೆದು ನೋಡಿದರೆ ಸಾವಿರ ಜೊತೆ ರೇಷ್ಮೆ ಕಾಲುಚೀಲ, ಎರಡು ಸಾವಿರ ಜೊತೆ ಬೂಟು, ಆರು ಡಜನ್ ನೀಲಿ ಕೋಟು, ನಲವತ್ತು ಕೊಡೆ ಸಿಕ್ಕವಂತೆ. ಈ ಲೆಕ್ಕಕ್ಕೆ ಬಾಯಿಂದ ಬಾಯಿಗೆ ಒಂದೆರಡು ಸೊನ್ನೆ ಸೇರಿಕೊಂಡಿರಬಹುದು ಎಂದು ನನ್ನ ಗುಮಾನಿ. ಆದರೆ ನಲವತ್ತು ಕೊಡೆ ಎನ್ನುವುದನ್ನು ನಂಬುತ್ತೇನೆ. ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಅಟ್ಟದ ಮೇಲೆ ಹನ್ನೊಂದು ಸಿಕ್ಕಿದ್ದವು, ಅವರು ಯಾವ ಪತ್ರಿಕೆಯನ್ನೂ ನಡೆಸುತ್ತಿರಲಿಲ್ಲ.

ಇವರಿಬ್ಬರಿಗೂ ಮುಂಚೆ ನಿಕೊಲಾಸ್ ಹೈಡೆಲಾಫ್ ಇದ್ದ. ಪ್ಯಾರಿಸ್ಸಿನಲ್ಲಿ ಪುಟ್ಟಪುಟ್ಟ ಮುಖಚಿತ್ರ ಬರೆದುಕೊಂಡಿದ್ದವನು ಕ್ರಾಂತಿಗೆ ಹೆದರಿ ಲಂಡನ್ನಿಗೆ ಓಡಿಬಂದು, 1794ರಿಂದ 1803ರವರೆಗೆ ‘ಗ್ಯಾಲರಿ ಆಫ್ ಫ್ಯಾಷನ್’ ಎಂಬ ಪತ್ರಿಕೆ ತಂದ. ವರ್ಷದ ಚಂದಾ 3 ಗಿನಿ. ಅದರ ಚಿತ್ರಗಳಲ್ಲಿ ಚಿನ್ನ ಬೆಳ್ಳಿಯ ಬಣ್ಣವೂ ಇರುತ್ತಿತ್ತು. ಒಟ್ಟಿನಲ್ಲಿ, ಹೆಂಗಸರು ಏನು ತೊಡಬೇಕೆಂದು ಊರಿಗೆಲ್ಲ ಹೇಳುತ್ತಿದ್ದವರು ಒಬ್ಬ ಸಾರೋಟಿನವನು, ಒಬ್ಬ ಕೆಲಸ ಹೋದ ಪಾದ್ರಿ, ಒಬ್ಬ ನಿರಾಶ್ರಿತ. ಹೆಂಗಸರ ಪೈಕಿ ಮಿಸೆಸ್ ಬೆಲ್ ಒಬ್ಬಳ ಹೆಸರು ಎದ್ದು ಕಾಣುತ್ತದೆ. 1806ರಲ್ಲಿ ಶುರುವಾದ ‘ಲಾ ಬೆಲ್ ಅಸಾಂಬ್ಲೆ’ ಪತ್ರಿಕೆಯಲ್ಲಿ ಅವಳ ಅಂಗಡಿಯ ಉಡುಪುಗಳ ಚಿತ್ರಗಳು ಬರುತ್ತಿದ್ದವು, ಇವನ್ನು ಕಂಡುಹಿಡಿದವಳು ನಾನೇ ಎಂದು ಅವಳು ಧೈರ್ಯವಾಗಿ ಹಾಕಿಸಿಕೊಳ್ಳುತ್ತಿದ್ದಳು. ನ್ಯೂಟನ್ ಕೂಡ ಅಷ್ಟು ಧೈರ್ಯ ಮಾಡಿದ್ದನೋ ಇಲ್ಲವೋ.

ಚಿತ್ರ ಆಗುತ್ತಿದ್ದ ಬಗೆಯನ್ನು ತಿಳಿದ ಮೇಲೆ ನನಗೆ ಅವುಗಳ ಮೇಲೆ ಪ್ರೀತಿ ಹೆಚ್ಚಾಯಿತು. ಬರೆಯುವವನೊಬ್ಬ, ಅದನ್ನು ತಾಮ್ರದ ತಗಡಿಗೆ ಕೊರೆಯುವವನು ಇನ್ನೊಬ್ಬ. ಪ್ಯಾರಿಸ್ಸಿನಲ್ಲಿ ಹೋರಾಸ್ ವರ್ನೆ, ಲಾಂತೆ ಮೊದಲಾದವರು ಬರೆದರೆ ಬಕ್ವಾ, ಗಾತೀನ್ ಕೊರೆಯುತ್ತಿದ್ದರು. ತಗಡಿಗೆ ಮಸಿ ತುಂಬಿ, ಮೇಲಿನ ಮಸಿ ಒರೆಸಿ, ಒದ್ದೆ ಕಾಗದ ಹಾಸಿ ಒತ್ತಿದರೆ ಗೀರುಗಳಲ್ಲಿ ಉಳಿದ ಮಸಿ ಕಾಗದಕ್ಕೆ ಹತ್ತಿಕೊಳ್ಳುತ್ತದೆ. ಅಲ್ಲಿಗೆ ಸಿಕ್ಕುವುದು ಬರೀ ಕಪ್ಪು ಗೆರೆ. ಬಣ್ಣ ಬರಬೇಕಾದರೆ ಕೈಯಲ್ಲೇ ಹಚ್ಚಬೇಕು, ಒಂದೊಂದು ಪ್ರತಿಗೂ. ಈ ಕೆಲಸಕ್ಕೆ ಹೆಂಗಸರು, ಹುಡುಗಿಯರು ಮೇಜಿನ ಸುತ್ತ ಸಾಲಾಗಿ ಕೂರುತ್ತಿದ್ದುದುಂಟು. ಒಬ್ಬಳದು ಶಾಲಿನ ಕೆಂಪು ಮಾತ್ರ, ಪಕ್ಕದವಳದು ಚಪ್ಪಲಿಯ ಹಸಿರು, ಅದರಾಚೆಯವಳದು ಕೆನ್ನೆ. ಇಡೀ ದಿನ ಕೆನ್ನೆ. ಹಪ್ಪಳ ಒತ್ತುವ ದಿನ ನಮ್ಮ ಮನೆ ಹಿತ್ತಿಲಲ್ಲಿ ಉಂಡೆ ಕಟ್ಟುವವಳು ಸಂಜೆಯವರೆಗೂ ಉಂಡೆಯನ್ನೇ ಕಟ್ಟುತ್ತಿದ್ದ ಹಾಗೆ. ಹೀಗಾಗಿ ಒಂದೇ ತಿಂಗಳ ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ರಿಬ್ಬನ್ನಿನ ಬಣ್ಣ ಬೇರೆಬೇರೆ ಆಗಿರುವುದುಂಟು. ಒಬ್ಬಳ ಮನೆಗೆ ನೀಲಿ ಫ್ಯಾಷನ್ ಬಂತು, ಪಕ್ಕದ ಊರಿನವಳ ಮನೆಗೆ ಗುಲಾಬಿ. ಇಬ್ಬರೂ ನಮ್ಮದೇ ಸರಿ ಎಂದುಕೊಂಡು ನೃತ್ಯಕೂಟಕ್ಕೆ ಹೋಗಿರಬೇಕು.

ಇನ್ನು ಬಿಳಿ ಅಂಗಿ. ಆ ಕಾಲದ ಚಿತ್ರಗಳಲ್ಲಿ ಅರ್ಧಕ್ಕರ್ಧ ಬಿಳಿ ಮಸ್ಲಿನ್ನೇ. ಗ್ರೀಸಿನ ಅಮೃತಶಿಲೆಯ ವಿಗ್ರಹಗಳ ಹಾಗೆ ಕಾಣಬೇಕೆನ್ನುವುದು ಆಗಿನ ಹುಚ್ಚು. ಒಂದು ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಹೋದೆ. ಅಂಗಿಯ ಅಂಚಿಗೆ ಕೂದಲಿಗಿಂತ ತೆಳ್ಳಗಿನ ಗೆರೆ, ನೆರಿಗೆ ಬಿದ್ದ ಕಡೆ ತಿಳಿ ಬೂದಿ ನೀಲಿಯ ಒಂದು ಎಳೆ. ಅದರ ಒಳಗೆ ಏನೂ ಇಲ್ಲ. ಬಣ್ಣವೇ ಹಚ್ಚಿಲ್ಲ! ಅಂಗಿ ಎಂದು ನಾನು ನೋಡುತ್ತಿದ್ದದ್ದು ಬರೀ ಕಾಗದ. ಬೆಳ್ಳಗೆ ಹೊಳೆಯಲಿ ಎಂದು ಯಾರಾದರೂ ಸೀಸದ ಬಿಳಿ ಬಣ್ಣ ಹಚ್ಚಿದ್ದರೆ ಅದು ವರ್ಷಗಳು ಕಳೆದಂತೆ ಕಪ್ಪಿಟ್ಟುಹೋಗುತ್ತದೆ. ಹಚ್ಚಿದ ಬಿಳಿ ಕಪ್ಪಾಯಿತು, ಹಚ್ಚದ ಬಿಳಿ ಬಿಳಿಯಾಗೇ ಉಳಿಯಿತು. ಸಂಪಾದಕನಿಗೆ ಖರ್ಚೂ ಉಳಿಯಿತು.

ಆ ಖಾಲಿ ಕಾಗದ ಯಾವ ಬಟ್ಟೆಯ ಪರವಾಗಿ ನಿಂತಿತ್ತೋ ಅದು ನಮ್ಮ ಕಡೆಯದು. ಮೇಘನಾ ನದಿಯ ದಡದ ಹತ್ತಿಯಿಂದ ಢಾಕಾದ ನೇಕಾರರು ನೇಯುತ್ತಿದ್ದ ಮಸ್ಲಿನ್. ಅದರ ಬಗೆಗಳ ಹೆಸರುಗಳೇ ಹರಿಯುವ ನೀರು, ಸಂಜೆಯ ಇಬ್ಬನಿ. ಅದು ಬಂಗಾಳ ಕೊಲ್ಲಿಯಿಂದ ಹಡಗು ಹತ್ತಿ ಆಫ್ರಿಕಾ ಸುತ್ತಿ ಲಂಡನ್ನಿನ ಚಳಿಗೆ ಹೋಗುತ್ತಿತ್ತು. ಅಷ್ಟರಲ್ಲಿ 1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್ ನೂಲುವ ಯಂತ್ರ ಮಾಡಿ, ಸ್ಕಾಟ್ಲೆಂಡಿನ ಮಗ್ಗಗಳಲ್ಲಿ ಅದೇ ಥರದ ಬಟ್ಟೆ ಅಗ್ಗವಾಗಿ ಹೊರಬರತೊಡಗಿತು. ಹಾಗಾಗಿಯೇ ‘ಅಸಲಿ ಇಂಡಿಯಾ ಮಸ್ಲಿನ್’ ಎಂದು ಒತ್ತಿ ಹೇಳುವ ಅಗತ್ಯ ಬಿದ್ದದ್ದು. ಜೇನ್ ಆಸ್ಟಿನ್ ಬರೆದ ‘ನಾರ್ಥ್ಯಾಂಗರ್ ಆಬಿ’ಯಲ್ಲಿ ನಾಯಕ ಹೆನ್ರಿ ಟಿಲ್ನಿ ತನ್ನ ತಂಗಿಗೆ ಅಸಲಿ ಇಂಡಿಯಾ ಮಸ್ಲಿನ್ ಗಜಕ್ಕೆ 5 ಶಿಲಿಂಗಿನಂತೆ ತಂದೆನೆಂದು ಹೇಳಿ, ನಾಯಕಿಯ ಜೊತೆಗಿದ್ದ ಮಿಸೆಸ್ ಆಲನ್ ಎಂಬ ಹಿರಿಯಾಕೆಯ ಮನಸ್ಸನ್ನು ಮೊದಲ ಭೇಟಿಯಲ್ಲೇ ಗೆದ್ದುಬಿಡುತ್ತಾನೆ. ಒಗೆದರೆ ಬಟ್ಟೆ ಬಾಳಿಕೆ ಬರುತ್ತದೋ ಇಲ್ಲವೋ ಎನ್ನುವುದೂ ಅವನಿಗೆ ಗೊತ್ತು. ಸೀರೆ ಅಂಗಡಿಯ ಬಾಗಿಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಮುಗೀತಾ ಮುಗೀತಾ ಎಂದು ಮೆಸೇಜು ಕಳಿಸುವ ನಮ್ಮ ಮನೆಯವರಿಗೆ ಈ ಪುಸ್ತಕ ಓದಲು ಕೊಟ್ಟಿದ್ದೇನೆ. ಎಂಟನೇ ಪುಟದಲ್ಲಿದ್ದಾರೆ.

ನಮ್ಮ ಕಡೆಯದು ಎಂದೆನಲ್ಲ, ಇದೇ ವರ್ಷಗಳಲ್ಲಿ, 1805ರ ಸುಮಾರಿಗೆ, ಮೈಸೂರಿನ ರಾಜಮನೆತನದ ಮೂವರು ಹೆಂಗಸರನ್ನು ಐರ್ಲೆಂಡಿನ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ದೊಡ್ಡ ಎಣ್ಣೆಬಣ್ಣದ ಚಿತ್ರವಾಗಿ ಬರೆದ. ಬಲಗಡೆಯಾಕೆ ಮುಮ್ಮಡಿ ಕೃಷ್ಣರಾಜರ ಕಿರಿಯ ರಾಣಿ ದೇವಾಜಮ್ಮಣ್ಣಿ ಎಂದು ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರ ಗುರುತಿಸಿದ್ದಾರೆ. ಸೀರೆ, ಒಡವೆ ಎಲ್ಲ ಭರ್ಜರಿಯಾಗಿವೆ. ಆದರೆ ಸೀರೆಯಲ್ಲಿ ಮುಚ್ಚಿರಬೇಕಾದ ಎಡತೋಳು ತೆರೆದಿದೆ, ಬಲಗೈ ಅದನ್ನೇ ತೋರಿಸುತ್ತಿದೆ. ಸಿಡುಬಿಗೆ ಹೊಸದಾಗಿ ಬಂದ ಲಸಿಕೆಯನ್ನು ಹಾಕಿಸಿಕೊಂಡ ಜಾಗ ಅದು, ನೀವೂ ಹಾಕಿಸಿಕೊಳ್ಳಿ ಎನ್ನುವುದಕ್ಕೇ ಬರೆಸಿದ ಚಿತ್ರ ಎನ್ನುವುದು ಅವರ ವಾದ. ಲಂಡನ್ನಿನ ಚಿತ್ರ ತೋಳಿನ ಮೇಲಿನ ಬಟ್ಟೆ ನೋಡಿ ಎನ್ನುತ್ತಿದ್ದಾಗ ಮೈಸೂರಿನ ಚಿತ್ರ ಬಟ್ಟೆ ಸರಿಸಿ ತೋಳು ನೋಡಿ ಎಂದಿತು. ತೋಳಿನ ವಿಚಾರದಲ್ಲಿ ಈಚೆಗೆ ನೊಂದವಳಾದ್ದರಿಂದ ನನಗೆ ಎರಡನೆಯದರ ಮೇಲೇ ಹೆಚ್ಚು ಗೌರವ.

ಚಿತ್ರದ ಹೆಂಗಸಿನ ದಿನಚರಿಯನ್ನು ನೋಡಿ. ಬೆಳಗಿನ ಉಡುಪು, ನಡಿಗೆಯ ಉಡುಪು, ಸಾರೋಟಿನ ಉಡುಪು, ಒಪೆರಾ ಉಡುಪು, ಪೂರ್ತಿ ಉಡುಪು, ಅರ್ಧ ಉಡುಪು. ಅರ್ಧ ಎಂದರೆ ಗಾಬರಿಯಾಗಬೇಡಿ, ಅಷ್ಟೇನೂ ವಿಶೇಷವಲ್ಲದ ಭೇಟಿಗೆ ಎಂದಷ್ಟೇ ಅರ್ಥ. ಇಷ್ಟೆಲ್ಲ ಬದಲಾಯಿಸುವವಳು ಮಾಡುವ ಕೆಲಸ ಮಾತ್ರ ಯಾವುದೂ ಕಾಣುವುದಿಲ್ಲ. ಒಂದು ಕಾಗದ ಓದುತ್ತಿರುತ್ತಾಳೆ, ಇಲ್ಲವೇ ಹೂಕುಂಡದ ಪಕ್ಕ ನಿಂತಿರುತ್ತಾಳೆ. ಪಾದಗಳೋ ಕಡಲೆಕಾಯಿಯಷ್ಟು. ಆ ಪಾದದ ಮೇಲೆ ನಡಿಗೆಯ ಉಡುಪು ತೊಟ್ಟು ಅವಳು ಎಲ್ಲಿಗೂ ನಡೆಯಲಾರಳು. ಲಂಡನ್ನಿನಲ್ಲಿ ಬೀಳುವ ಮಳೆ ಅವಳ ಕಾಗದದೊಳಗೆ ಬೀಳುವುದಿಲ್ಲ. ಕೆಲವು ಚಿತ್ರಗಳಲ್ಲಿ ಅವಳು ನಮಗೆ ಬೆನ್ನು ತಿರುಗಿಸಿ ನಿಂತಿರುತ್ತಾಳೆ. ಮೊದಲು ಇದು ಸೊಕ್ಕು ಎಂದುಕೊಂಡೆ. ಆಮೇಲೆ ನಮ್ಮ ಟೈಲರನ ಪುಸ್ತಕ ನೆನಪಾಯಿತು. ಹೊಲಿಯುವವರಿಗೆ ಬೆನ್ನು ಕಾಣಬೇಕು, ಹಿಂದಿನ ಗುಂಡಿ, ಕಟ್ಟು, ನೆರಿಗೆ ಎಲ್ಲಿ ಹಿಡಿದಿದೆ ಗೊತ್ತಾಗಬೇಕು. ಆಗಿನ ಪತ್ರಿಕೆಯ ಚಿತ್ರದ ಜೊತೆಗೆ ಇಂದಿನ ಹಾಗೆ ಕತ್ತರಿಸುವ ಅಳತೆಯ ಹಾಳೆ ಬರುತ್ತಿರಲಿಲ್ಲ. ಒಂದು ಚಿತ್ರ, ಕೆಳಗೆ ನಾಲ್ಕು ಸಾಲು ವಿವರಣೆ, ಮಿಕ್ಕಿದ್ದು ಹೊಲಿಯುವವರ ಹಣೆಬರಹ.

ಅಷ್ಟು ತೆಳುವಾದ ಅಂಗಿಗೆ ಜೇಬು ಎಲ್ಲಿಂದ ಬರಬೇಕು? ಹಿಂದಿನ ಕಾಲದ ಅಗಲವಾದ ಲಂಗದಲ್ಲಿ ಸೊಂಟಕ್ಕೆ ಚೀಲದಂಥ ಜೇಬು ಕಟ್ಟಿಕೊಂಡು ಒಳಗೆ ಏನು ಬೇಕಾದರೂ ಬಚ್ಚಿಡಬಹುದಿತ್ತು. ಈಗ ಒಂದು ಬೀಗದ ಕೈ ಇಟ್ಟರೂ ಗ್ರೀಸಿನ ದೇವತೆಯ ತೊಡೆ ಉಬ್ಬಿ ಕಾಣುತ್ತದೆ. ಹಾಗಾಗಿ ಕೈಗೆ ಒಂದು ಪುಟ್ಟ ಸಂಚಿ ಬಂತು, ರೆಟಿಕ್ಯೂಲ್. ಒಳಗಿನ ಜೇಬು ಹೊರಗೆ ಬಂದದ್ದು ನೋಡಿ ಕುಹಕಿಗಳು ಅದನ್ನು ‘ರಿಡಿಕ್ಯೂಲ್’ ಎಂದು, ಅಂದರೆ ನಗೆಪಾಟಲು ಎಂದು ಕರೆದರು. ನಮ್ಮಲ್ಲಿ ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಸಂಚಿಯನ್ನು ಯಾರೂ ಹಾಗೆ ಅನ್ನಲಿಲ್ಲ. ಅನ್ನುವ ಧೈರ್ಯ ನಮ್ಮ ಅಜ್ಜಿಯ ಎದುರಿಗಂತೂ ಯಾರಿಗೂ ಇರಲಿಲ್ಲ. ಇನ್ನೂರು ವರ್ಷ ಕಳೆದಿದೆ. ನನ್ನ ಕುರ್ತಾಗಳಲ್ಲಿ ಜೇಬಿರುವವು ಎರಡು, ಅದರಲ್ಲಿ ಒಂದರ ಜೇಬು ಬರೀ ಹೊಲಿಗೆ, ಒಳಗೆ ಚೀಲವಿಲ್ಲ.

ಯುದ್ಧದ ಕಾಲದಲ್ಲಿ ಆದ ಒಂದು ಪ್ರಸಂಗ ನನಗೆ ಬಹಳ ಇಷ್ಟ. ನೆಪೋಲಿಯನ್ನನ ಯುದ್ಧದಿಂದ ಇಂಗ್ಲೆಂಡಿಗೂ ಫ್ರಾನ್ಸಿಗೂ ವರ್ಷಗಟ್ಟಲೆ ಹೋಗಿಬರುವುದು ನಿಂತುಹೋಗಿತ್ತು. ಪ್ಯಾರಿಸ್ಸನ್ನು ನೋಡಿ ನಕಲು ಮಾಡುತ್ತಿದ್ದ ಲಂಡನ್ನಿನವರು ತಮ್ಮ ಪಾಡಿಗೆ ತಾವು ಹೊಲಿದುಕೊಳ್ಳುತ್ತ ಹೋದರು, ಅಂಗಿಯ ಸೊಂಟ ಮೆಲ್ಲಗೆ ಕೆಳಗಿಳಿಯಿತು. 1814ರಲ್ಲಿ ಶಾಂತಿಯಾಯಿತು. ಇಂಗ್ಲಿಷ್ ಹೆಂಗಸರು ಗುಂಪುಗುಂಪಾಗಿ ಪ್ಯಾರಿಸ್ಸಿಗೆ ಧಾವಿಸಿ ನೋಡಿದರೆ ಅಲ್ಲಿ ಸೊಂಟ ಇನ್ನೂ ಎದೆಯ ಕೆಳಗೇ ಇದೆ! ನಮ್ಮ ಪಾದ್ರಿ ಲಾ ಮೆಸಾಂಜೇರ್ ಬಿಟ್ಟಾನೆಯೇ, ಈ ಬೆಪ್ಪಾದ ಇಂಗ್ಲಿಷಿನವರ ವೇಷವನ್ನೂ ನಗೆಚಿತ್ರ ಮಾಡಿಸಿ ಮಾರಿದ. ಯುದ್ಧ ಗೆದ್ದ ದೇಶದ ಹೆಂಗಸರು ಸೋತ ದೇಶದ ಬೀದಿಯಲ್ಲಿ ತಲೆತಗ್ಗಿಸಿ, ಊರಿಗೆ ವಾಪಸಾಗಿ ಸೊಂಟವನ್ನು ಮತ್ತೆ ಮೇಲಕ್ಕೇರಿಸಿಕೊಂಡರು.

1817ರ ನವೆಂಬರಿನಲ್ಲಿ ಇಂಗ್ಲೆಂಡಿನ ರಾಜಕುಮಾರಿ ಷಾರ್ಲಟ್ ಹೆರಿಗೆಯಲ್ಲಿ ತೀರಿಕೊಂಡಾಗ ಆಕರ್‌ಮನ್ನನ ಚಿತ್ರದ ಹೆಂಗಸೂ ಕಪ್ಪು ತೊಟ್ಟಳು. ಬಣ್ಣ ಹಚ್ಚುವ ಹುಡುಗಿಯರ ಮೇಜಿನ ಮೇಲೆ ಆ ತಿಂಗಳು ಬರೀ ಕಪ್ಪು ಬಟ್ಟಲುಗಳೇ ಇದ್ದಿರಬೇಕು. ಕೆನ್ನೆಯ ಗುಲಾಬಿ ಬಿಟ್ಟು.

ಓದುವವರು ಇದನ್ನೆಲ್ಲ ಆಜ್ಞೆ ಎಂದು ಪಾಲಿಸುತ್ತಿದ್ದರೇ? ನನಗೆ ಹಾಗನ್ನಿಸುವುದಿಲ್ಲ. ಜೇನ್ ಆಸ್ಟಿನ್ 1799ರಲ್ಲಿ ಬಾತ್ ಊರಿನಿಂದ ಅಕ್ಕನಿಗೆ ಬರೆದ ಕಾಗದದಲ್ಲಿ ಟೋಪಿಗೆ ಹೂವು ಸಿಕ್ಕಿಸುವುದೋ ಹಣ್ಣು ಸಿಕ್ಕಿಸುವುದೋ ಎಂದು ಚರ್ಚಿಸಿ, ತಲೆಯಿಂದ ಹಣ್ಣು ಬೆಳೆಯುವುದಕ್ಕಿಂತ ಹೂವು ಬೆಳೆಯುವುದೇ ಹೆಚ್ಚು ಸಹಜ ಎನ್ನುವ ತೀರ್ಮಾನಕ್ಕೆ ಬರುತ್ತಾಳೆ. ಹೀಗೆ ನಕ್ಕವಳೂ ಟೋಪಿ ಬಿಡಲಿಲ್ಲ. ಇದರ ತೋಳು ಇರಲಿ, ಅದರ ಕತ್ತು ಇರಲಿ, ಹೋದ ವರ್ಷದ ಲೇಸನ್ನೇ ಬಿಚ್ಚಿ ಹಾಕೋಣ ಎನ್ನುವ ಲೆಕ್ಕಾಚಾರದಲ್ಲೇ ಆ ಕಾಲದ ಹೆಂಗಸರು ಚಿತ್ರ ನೋಡಿದ್ದು. ಆಕರ್‌ಮನ್ನನಿಗೂ ಇದು ಗೊತ್ತಿತ್ತು. ಅವನ ಪತ್ರಿಕೆಯ ಮೊದಲ ವರ್ಷಗಳಲ್ಲಿ ಒಂದು ಹಾಳೆಯ ಮೇಲೆ ಮೂರು ನಾಲ್ಕು ಬಟ್ಟೆಯ ಚೂರುಗಳನ್ನು ನಿಜವಾಗಿಯೂ ಅಂಟಿಸಿರುತ್ತಿದ್ದ. ಚಿತ್ರ ನೋಡಿ ಸಾಕಾದರೆ ಬಟ್ಟೆ ಮುಟ್ಟಿ ನೋಡಿ ಎಂದು.

ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರವಾದವಳು ಬಾರ್ಬರಾ ಜಾನ್ಸನ್. ಇಂಗ್ಲೆಂಡಿನ ಒಬ್ಬ ಪಾದ್ರಿಯ ಮಗಳು, ಮದುವೆಯಾಗಲಿಲ್ಲ. 1746ರಲ್ಲಿ, ಎಂಟು ವರ್ಷದವಳಿದ್ದಾಗ ತೊಟ್ಟ ಬಟ್ಟೆಯಿಂದ ಹಿಡಿದು 1823ರವರೆಗೆ, ತಾನು ಹೊಲಿಸಿಕೊಂಡ ಒಂದೊಂದು ಬಟ್ಟೆಯ ಚೂರನ್ನೂ ಹಳೆಯ ಲೆಕ್ಕದ ಪುಸ್ತಕವೊಂದರ ಹಾಳೆಗಳಿಗೆ ಸಿಕ್ಕಿಸಿ ಇಟ್ಟಿದ್ದಾಳೆ. ಪಕ್ಕದಲ್ಲಿ ಅವಳದೇ ಅಕ್ಷರ: ಎಂಥ ಬಟ್ಟೆ, ಎಷ್ಟು ಗಜ, ಗಜಕ್ಕೆ ಎಷ್ಟು, ಯಾವ ವರ್ಷ. ಸೂತಕಕ್ಕೆ ಕೊಂಡದ್ದಾದರೆ ಅದೂ ಉಂಟು. ಅದೇ ಹಾಳೆಗಳ ಮೇಲೆ ಪಾಕೆಟ್ ಡೈರಿಗಳಿಂದ ಕತ್ತರಿಸಿದ ಪುಟಾಣಿ ಫ್ಯಾಷನ್ ಚಿತ್ರಗಳನ್ನೂ ಅಂಟಿಸಿದ್ದಾಳೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಈಗ ಆ ಪುಸ್ತಕ ಇದೆ. ಚಿತ್ರದ ಸುಂದರಿಯರು ಎಪ್ಪತ್ತೇಳು ವರ್ಷವೂ ಇಪ್ಪತ್ತರ ಹರೆಯದಲ್ಲೇ ನಿಂತಿದ್ದಾರೆ. ಪಕ್ಕದ ಚೂರುಗಳಲ್ಲಿ ಬಾರ್ಬರಾ ದೊಡ್ಡವಳಾಗುತ್ತಾಳೆ, ಅಮ್ಮನನ್ನು ಕಳೆದುಕೊಳ್ಳುತ್ತಾಳೆ, ಮುದುಕಿಯಾಗುತ್ತಾಳೆ. ಅವಳ ಮುಖ ಎಲ್ಲೂ ಇಲ್ಲ.

ಅದನ್ನು ನೋಡಿದ ಮಾರನೆಯ ದಿನ ಟೈಲರ್ ಅಂಗಡಿಗೆ ಹೋದೆ. "ಆವತ್ತು ನನ್ನ ತೋಳು ಬಿಚ್ಚಿದ್ರಲ್ಲ, ಮಿಕ್ಕಿದ ಬಟ್ಟೆ ಇದೆಯಾ?"

"ಯಾವ ತೋಳಕ್ಕಾ?"

"ನೇರಳೆ. ಬುಗ್ಗೆ ತೋಳು."

ಅವನಿಗೆ ನೆನಪಾಯಿತು. ನಗು ತಡೆದುಕೊಂಡದ್ದೂ ಕಾಣಿಸಿತು. ಸುತ್ತ ನೋಡಿ, ಹೊಲಿಗೆ ಯಂತ್ರದ ಕೆಳಗೆ ಕೈ ಹಾಕಿ ಒಂದು ಮುದ್ದೆ ತೆಗೆದ. ಮಿಷನ್ನಿಗೆ ಎಣ್ಣೆ ಬಿಟ್ಟ ಮೇಲೆ ಒರೆಸಲು ಇಟ್ಟುಕೊಂಡಿದ್ದ. ನೇರಳೆ ಎನ್ನುವುದು ಅಲ್ಲಲ್ಲಿ ಗೊತ್ತಾಗುತ್ತಿತ್ತು.

"ಇದೊಂದೇ ಇರೋದು. ಎಣ್ಣೆ ಆಗ್ಬಿಟ್ಟಿದೆ."

"ಅದನ್ನೇ ಕೊಡಿ," ಅಂದೆ.

ಶುದ್ಧವಾಗಿದ್ದ ಒಂದು ಮೂಲೆಯನ್ನು ಕತ್ತರಿಸಿ, ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಗೆ ಗುಂಡುಸೂಜಿಯಲ್ಲಿ ಸಿಕ್ಕಿಸಿದೆ. ಪಕ್ಕದಲ್ಲಿ ಬರೆದೆ: ನೇರಳೆ ರೇಷ್ಮೆ, ಒಂದು ಮೀಟರ್. ಅಕ್ಕನ ಮಗಳ ಮದುವೆಗೆ. ತೋಳು ಇಟ್ಟದ್ದಕ್ಕೆ 450 ರೂಪಾಯಿ, ತೆಗೆದದ್ದಕ್ಕೆ 150.